ತೋಳದ ಮುಖ ಕಂಡವಳು

೬ ಸೆಪ್ಟೆಂಬರ್ ೧೯೯೯, ಸೋಮವಾರ

ಮುಂಜಾನೆ ಗುಡ್ಡದ ಹೊಲದಿಂದ ಬಂದ ಸೊಸೆ ಸುಮಲತಾ, ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸುವ ಮೊದಲೇ, "ಅತ್ತಿ, ಇವತ್ತು ಹಿರೇರನ್ನ ಕಂಡೆರಿ" ಅಂದಳು. ನಾನು ಮಜ್ಜಿಗೆ ಕಡೆಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ.

ನಮ್ಮ ಮನೆಯಲ್ಲಿ ಹಿರೇರು ಅಂದರೆ ತೋಳ. ನಮ್ಮದು ತೋಳದ ಬೆಡಗು. ಈ ವಂಶದ ಮೂಲಪುರುಷ ಹಸುಗೂಸಾಗಿದ್ದಾಗ ತಾಯಿ ಅವನನ್ನು ತಂಗಡಿ ಗಿಡದ ನೆರಳಿಗೆ ಮಲಗಿಸಿ ಕಳೆ ತೆಗೆಯಲು ಹೋಗಿದ್ದಳಂತೆ. ತಿರುಗಿ ಬಂದಾಗ ಕೂಸಿನ ಪಕ್ಕ ತೋಳವೊಂದು ಕಾವಲು ಕೂತಿತ್ತಂತೆ. ಅಂದಿನಿಂದ ಅದು ಈ ಮನೆಯ ಸೊಸೆಯರಿಗೆಲ್ಲ ಮಾವ. ಮಾವನ ಹೆಸರನ್ನು ಹೇಗೆ ಬಾಯಿಬಿಟ್ಟು ಹೇಳುವುದಿಲ್ಲವೋ ಹಾಗೆ ಅದರ ಹೆಸರನ್ನೂ ಹೇಳುವುದಿಲ್ಲ. ಮಾತಿಗೆ ಬಂದರೆ ಸೆರಗು ಹೊದೆಯುತ್ತೇವೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ, ಯಾಕೆಂದರೆ ನನಗಿಂತ ಮೊದಲು ಈ ಮನೆಗೆ ಬಂದ ಸೊಸೆಯರಲ್ಲಿ ಬರೆಯಲು ಬರುತ್ತಿದ್ದವರೇ ಇರಲಿಲ್ಲ. ನಾನು ಕೊಟ್ಟೂರಿನಲ್ಲಿ ಎಸ್.ಎಸ್.ಎಲ್.ಸಿ. ಮಾಡಿದವಳು. ಸುಮಲತಾ ಪಿ.ಯು.ಸಿ. ಅದನ್ನು ಅವಳು ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳದೆ ಇರುವ ಆ ರೀತಿಯೇ ನನಗೆ ಆಗುವುದಿಲ್ಲ.

"ಎಲ್ಲಿ ಕಂಡಿ?" ಅಂದೆ.

"ಹಿರೇರ ಕಲ್ಲಿನ ಹತ್ರರಿ. ಹಿಂಗ ನಿಂತು ನನ್ನ ನೋಡ್ತು. ನಾ ಸೆರಗು ಹೊದ್ದೆ. ಆಮ್ಯಾಲೆ ಹಿಂಗಾಲಿಲೆ ಕಿವಿ ಕೆರಕೊಂತು, ಹೋತು."

"ಕಿವಿ ಕೆರಕೊಂತು?"

"ಹ್ಞೂಂರಿ. ಉಣ್ಣಿ ಹತ್ತಿದ್ವೇನೋ ಪಾಪ."

ಹಿರೇರಿಗೆ ಉಣ್ಣಿ! ಬಣ್ಣ ಹೇಗಿತ್ತು ಎಂದು ಕೇಳಿದೆ. ಹೊಲದ ಮಣ್ಣಿನದೇ ಬಣ್ಣವಂತೆ. ಬಡಕಲಂತೆ. ನಮ್ಮ ನಾಯಿಗಿಂತ ಒಂದು ಗೇಣು ಎತ್ತರವಿದ್ದರೆ ಹೆಚ್ಚಂತೆ.

"ಅದು ನಾಯೇ" ಅಂದೆ. "ನಾ ಕಂಡದ್ದು ಕರ್ರಗ, ಕರುವಿನಷ್ಟು ಇತ್ತು. ಕಣ್ಣಂದ್ರ ಕೆಂಡ."

ಸುಮಲತಾ ತಲೆಯ ಹೊರೆಗೆ ಕೈಯಾನಿಸಿ, "ಬಾಲ ಹೆಂಗಿತ್ರಿ ಅತ್ತಿ?" ಎಂದು ಕೇಳಿದಳು.

"ಸುರುಳಿ ಸುತ್ತಿ ಬೆನ್ನ ಮ್ಯಾಲಿತ್ತು. ರಾಜನಂಗ."

"ಹೌದೇನ್ರಿ" ಎಂದು ಹೊರೆ ಇಳಿಸಿ ದನದ ಮನೆಗೆ ಹೋದಳು.

ಸೀಗೆ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಅಡುಗೆ ಉಣಿಸಲು, ಹೋದಾಗ ನಮ್ಮ ಬೆಡಗಿನವರು ಮೊದಲು ಹಿರೇರ ಕಲ್ಲಿಗೆ ಎಡೆ ಇಡಬೇಕು. ಆ ಎಡೆಬುಟ್ಟಿ ಹೊತ್ತು ಎಲ್ಲರಿಗಿಂತ ಮುಂದೆ ನಡೆಯುವವಳು ಹಿರೇರ ಮುಖ ಕಂಡವಳು. ಹನ್ನೊಂದು ಮನೆಯ ಹೆಂಗಸರು ಅವಳ ಹಿಂದೆ. ಮದುವೆಯಿರಲಿ, ತೊಟ್ಟಿಲಿರಲಿ, ಮೊದಲ ಕುಂಕುಮ ಅವಳಿಗೆ. ಮೂವತ್ನಾಲ್ಕು ವರ್ಷದಿಂದ ಅವಳು ನಾನು. ಹುಣ್ಣಿಮೆ ಅಕ್ಟೋಬರ್ ೨೪ಕ್ಕೆ.

೯ ಸೆಪ್ಟೆಂಬರ್, ಗುರುವಾರ

ಊರೆಲ್ಲ ಹಬ್ಬಿದೆ. ನಾನು ಯಾರಿಗೂ ಹೇಳಿಲ್ಲ. ಅವಳೂ ಹೇಳಿಲ್ಲವಂತೆ. ಹಾಗಾದರೆ ಗೋಡೆಗಳು ಹೇಳಿರಬೇಕು.

ಮೊಸರಿಗೆ ಬಂದ ಕೊಟ್ರಮ್ಮ (ನಮ್ಮ ಬೆಡಗಿನವಳೇ, ಎರಡು ಮನೆ ಆಚೆ) ನನ್ನನ್ನು ದಾಟಿ ನೇರ ಅಡುಗೆ ಮನೆಗೆ ಹೋಗಿ ಸುಮಲತಾಳ ಕೈ ಹಿಡಿದು, "ಏನವ್ವ, ಬಂದು ಒಂದೂವರಿ ವರ್ಷಕ್ಕ ಹೊಡದಿಯಲ್ಲ!" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಈ ವರ್ಷ ನಿನ್ನ ಕುತ್ತಿಗಿಗೆ ಆರಾಮ್ ಬಿಡು ನಾಗಲಿಂಗಕ್ಕ."

ನನ್ನ ಕುತ್ತಿಗೆ ನೋಯುತ್ತದೆ ಎಂದು ಇವಳಿಗೆ ಯಾರು ಹೇಳಿದರು? ಮೊಸರು ಇಲ್ಲ ಅಂದೆ. ಇತ್ತು.

೧೪ ಸೆಪ್ಟೆಂಬರ್, ಮಂಗಳವಾರ

ನಿನ್ನೆ ಗಣಪತಿ ಹಬ್ಬ. ಕಡುಬು ಅವಳೇ ಮಾಡಿದಳು. ಯಜಮಾನರು ಮೂರು ಹೆಚ್ಚು ತಿಂದರು. ನನ್ನ ಕಡುಬಿನಲ್ಲಿ ಮೂವತ್ತು ವರ್ಷದಿಂದ ಯಾವತ್ತೂ ಮೂರು ಹೆಚ್ಚು ತಿಂದದ್ದಿಲ್ಲ.

ವಾರದಿಂದ ಸುಮಲತಾಳನ್ನು ಗುಡ್ಡದ ಹೊಲಕ್ಕೆ ಕಳಿಸಿಲ್ಲ. ಮನೆಯಲ್ಲೇ ಕೆಲಸ ಹಚ್ಚಿದ್ದೇನೆ: ಅಟ್ಟ ಗುಡಿಸುವುದು, ಕೌದಿ ತೊಳೆಯುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು. ಮಗ ಗುರುಶಾಂತ ಕೇಳಿದ, "ಅವ್ವಾ, ಹುಲ್ಲಿಗೆ ನಾನು ಹೋಗಾಕತ್ತೀನಿ, ಅಕಿ ಹುಣಸಿಬೀಜ ತೆಗಿಯಾಕತ್ಯಾಳ. ಏನಿದು?"

"ಮಳಿಗಾಲದಾಗ ಹುಣಸಿಗೆ ಹುಳ ಬೀಳ್ತಾವು."

"ಹುಳ ಹುಣಸಿಗೆ ಬಿದ್ದಾವೋ ಮತ್ತೆಲ್ಲಿ ಬಿದ್ದಾವೋ" ಎಂದು ಗೊಣಗುತ್ತ ಹೋದ. ಹೆಂಡತಿ ಬಂದ ಮೇಲೆ ಮಾತು ಕಲಿತಿದ್ದಾನೆ.

೧೮ ಸೆಪ್ಟೆಂಬರ್, ಶನಿವಾರ

ಸಣ್ಣತ್ತೆ ಕರೆಸಿದ್ದರು. ಅನ್ನದಾನಮ್ಮ, ನಮ್ಮ ಮಾವನವರ ತಮ್ಮನ ಹೆಂಡತಿ, ಎಂಬತ್ತು ದಾಟಿದ್ದಾರೆ. ಕಣ್ಣು ಮಂಜು, ಕಿವಿ ಮಾತ್ರ ಸೂಜಿಯಂತಿದೆ. ಬೆಡಗಿನ ನಡೆನುಡಿಗೆಲ್ಲ ಅವರ ಮಾತೇ ಕೊನೆ.

"ನಿನ್ನ ಸೊಸಿ ಮುಖ ಕಂಡಾಳಂತ. ಖರೇನು?"

"ನಾಯಿ ಕಂಡಿರಬೇಕು ಸಣ್ಣತ್ತಿ."

"ಅದನ್ನ ನೀನು ಹೇಳೋದಲ್ಲ, ನಾ ಕೇಳ್ತೀನಿ. ಹುಣ್ಣಿಮಿ ದಿನ ಎಲ್ಲಾರ ಮುಂದ. ನೀ ಕಂಡ ರೂಪಾನೇ ಅಕಿ ಕಂಡಿದ್ರ, ಹಿರೇರು ಅವರೇ ಅದಾರ ಅಂತ ಅರ್ಥ, ಬುಟ್ಟಿ ನಿನ್ನ ತಲಿ ಮ್ಯಾಲೇ ಇರಲಿ. ಬ್ಯಾರೆ ರೂಪ ಕಂಡಿದ್ರ, ಹೊಲಕ್ಕ ಹೊಸ ಹಿರೇರು ಬಂದಾರ, ತಮ್ಮ ಸೊಸಿನ್ನ ತಾವೇ ಆರಿಸಿಕೊಂಡಾರ. ಆವಾಗ ಬುಟ್ಟಿ ಅಕಿದು."

ಅವಳು ಕಂಡದ್ದು ಬೇರೆ ರೂಪ. ಊರಿಗೇ ಗೊತ್ತು. ಹಾಗಾದರೆ ಮುಗಿಯಿತು.

ಬರುವಾಗ ಚಪ್ಪಲಿ ಅವರ ಮನೆಯಲ್ಲೇ ಬಿಟ್ಟು ಬಂದೆ. ಮನೆ ಮುಟ್ಟಿದ ಮೇಲೆ ಗೊತ್ತಾಯಿತು.

೨೩ ಸೆಪ್ಟೆಂಬರ್, ಗುರುವಾರ

ನಾನೇ ಗುಡ್ಡದ ಹೊಲಕ್ಕೆ ಹೋದೆ. ಒಂದೂವರೆ ಮೈಲಿ. ಮಂಡಿ ಹಿಡಿಯಿತು, ಯಾರಿಗೂ ಹೇಳಲಿಲ್ಲ. ಈ ವರ್ಷ ಆ ಹೊಲ ಬೀಳು ಬಿಟ್ಟಿದ್ದೇವೆ. ಆಷಾಢದಿಂದ ಕೆಂಚಕ್ಕ ಅಲ್ಲಿ ಕುರಿಮಂದೆ ನಿಲ್ಲಿಸಿದ್ದಾಳೆ. ನಮಗೆ ಗೊಬ್ಬರ, ಅವಳ ಕುರಿಗೆ ಜಾಗ.

"ಅಮ್ಮಾರ, ನಿನ್ನಿ ಹೊತ್ತುಮೂಡೋ ಮುಂದ ನಿಮ್ಮ ಮಾವ ಬಂದು ಒಂದು ಮರಿ ಒಯ್ದ್ರು" ಅಂದಳು. "ನೀವು ವರ್ಷಾ ಹೋಳಿಗಿ ಇಡ್ತೀರಿ, ಅದನ್ನ ನಾಯಿ ತಿಂತಾವು. ಅವರಿಗೆ ನಮ್ಮ ಮರಿನೇ ಆಗಬೇಕು."

ನಮ್ಮ ಹೊಲದಲ್ಲಿ ಹಿರೇರು ಮರಿ ಒಯ್ದರೆ ಕಲ್ಲು ಬೀಸುವಂತಿಲ್ಲ, ನಾಯಿ ಬಿಡುವಂತಿಲ್ಲ. ಮರಿಗೆ ಬದಲಾಗಿ ನಮ್ಮ ಮನೆಯಿಂದ ಒಂದು ಚೀಲ ಜೋಳ ಕೊಡುತ್ತೇವೆ. ಕಳಿಸುತ್ತೇನೆ ಅಂದೆ. ಆಮೇಲೆ, ಸುಮ್ಮನೆ ಮಾತಿಗೆ ಎಂಬಂತೆ, "ನಿನಗ ದಿನಾ ಕಾಣ್ತಾರೇನು?" ಎಂದು ಕೇಳಿದೆ.

"ದಿನಾ ಅಂದ್ರ! ನಮ್ಮ ಮನಿಯಾತನಕಿಂತ ಅವರನ್ನ ಹೆಚ್ಚು ನೋಡೀನಿ."

"ಹೆಂಗಿರ್ತಾರ?"

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಮುಖ ಕಂಡಾರು ನೀವು, ನನ್ನ ಕೇಳ್ತೀರಲ್ರಿ!"

"ನಿನ್ನ ಬಾಯಾಗ ಕೇಳೋಣಂತ."

"ಮಣ್ಣಿನ ಬಣ್ಣರಿ. ಉದ್ದ ಕಾಲು, ಸಣ್ಣ ನಡ. ಬಾಲ ಯಾವಾಗ್ಲೂ ಕೆಳಗ. ಮ್ಯಾಲೆ ಸುತ್ತಿದ್ರ ಅದು ನಾಯಿ ಅಂತ್ಲೇ ತಿಳ್ಕೊಳ್ರಿ. ನಾವು ಕುರಿಕಾಯೋರು ಮೊದಲು ನೋಡೋದೇ ಬಾಲ. ನಿಮ್ಮ ಸೊಸಿಗೂ ಆಷಾಢದಾಗ ಹೇಳಿಕೊಟ್ಟೀನಿ."

ಆಷಾಢದಲ್ಲಿ ಹೇಳಿಕೊಟ್ಟದ್ದು. ಶ್ರಾವಣದ ಹೊತ್ತಿಗೆ ಮರೆತಿರುತ್ತಾಳೆ. ಅವತ್ತು ಬಾಲದ ಮಾತು ಸುಮ್ಮನೆ ಕೇಳಿರಬೇಕು.

೨೪ ಸೆಪ್ಟೆಂಬರ್, ಶುಕ್ರವಾರ

ಇದನ್ನು ಯಾರ ಮುಂದೆಯೂ ಹೇಳಿಲ್ಲ. ಬರೆದು ಟ್ರಂಕಿನ ತಳಕ್ಕೆ ಹಾಕುತ್ತೇನೆ.

೧೯೬೫. ನಾನು ಈ ಮನೆಗೆ ಬಂದು ಎರಡು ವರ್ಷ. ಇಬ್ಬರು ಸೊಸೆಯರು ನಾವು. ಹಿರಿಯವಳು ಕನಕಮ್ಮ, ಭಾವನವರ ಹೆಂಡತಿ. ನಾನು ಅಕ್ಕಾ ಎನ್ನುತ್ತಿದ್ದೆ. ಓದು ಇಲ್ಲ, ಬಣ್ಣ ಇಲ್ಲ, ತವರು ಬಡವರು. ಆದರೂ ಅತ್ತೆಗೆ ಅವಳೇ ಬೇಕು. ಒಂದು ದಿನ ಅವಳು ಹೊಲದಿಂದ ಬಂದು ಹಿರೇರನ್ನು ಕಂಡೆ ಅಂದಳು. ಮಣ್ಣಿನ ಬಣ್ಣ, ಬಡಕಲು, ಬಾಲ ಕಾಲ ನಡುವೆ ಇತ್ತು ಅಂದಳು. ಮೂರು ದಿನ ನನಗೆ ಅನ್ನ ಸೇರಲಿಲ್ಲ.

ನಾಲ್ಕನೆಯ ದಿನ ಸಂಜೆ ಹೊಲದಿಂದ ಬರುವಾಗ ಕಲ್ಲಿನ ಹತ್ತಿರ ಒಂದು ಕರಿ ನಾಯಿ ಕಂಡಿತು. ಯಾವ ಊರಿನದೋ, ದೊಡ್ಡದು. ಬಾಲ ಸುತ್ತಿಕೊಂಡು ನನ್ನನ್ನು ನೋಡಿತು. ನಾಯಿ ಎಂದು ನನಗೆ ಗೊತ್ತಿತ್ತು. ಮನೆಗೆ ಬರುವಷ್ಟರಲ್ಲಿ ಅದು ಕರುವಿನಷ್ಟಾಗಿತ್ತು, ಕಣ್ಣು ಕೆಂಡವಾಗಿತ್ತು. ನಾನು ನಡುಗಿದೆ, ಬೆವರಿದೆ, ಅತ್ತೆಯ ಕಾಲ ಮೇಲೆ ಬಿದ್ದೆ. ಹನ್ನೊಂದು ಮನೆಯ ಹೆಂಗಸರು ನನ್ನನ್ನು ಸುತ್ತುವರಿದರು. ಕನಕಕ್ಕ ಕಂಡದ್ದು ಯಾವುದೋ ಬಡಕಲು ನಾಯಿ ಎಂದು ಎಲ್ಲರೂ ತೀರ್ಮಾನಿಸಿದರು. ಅವಳು ಎದುರು ಒಂದು ಮಾತೂ ಆಡಲಿಲ್ಲ. ಆ ಹುಣ್ಣಿಮೆಗೆ ಬುಟ್ಟಿ ನನ್ನ ತಲೆಗೆ ಬಂತು. ಅವಳು ನನ್ನ ಹಿಂದೆ ನಡೆದಳು, ಸಾಯುವವರೆಗೂ ಹಿಂದೆಯೇ ನಡೆದಳು. ಹನ್ನೆರಡು ವರ್ಷದ ಹಿಂದೆ ಹಲವಾಗಲಿನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಳು.

ಕಲ್ಲಿನ ಮುಂದೆ ಬುಟ್ಟಿ ಇಳಿಸಿದವಳು ತಾನು ಕಂಡ ರೂಪ ಹೇಳಿ ಕರೆಯಬೇಕು: ಇಂಥ ರೂಪದಲ್ಲಿ ಬಂದವರೇ, ಇದೇ ರೂಪದಲ್ಲಿ ಬರ್ರಿ, ಹೊಲ ಕಾಯ್ರಿ ಎಂದು. ಮೂವತ್ನಾಲ್ಕು ವರ್ಷ ನಾನು ಒಂದು ನಾಯಿಯನ್ನು ಕರೆದಿದ್ದೇನೆ.

ಅದರಿಂದ ಹೊಲಕ್ಕೇನೂ ಕೆಡುಕಾಗಿಲ್ಲ. ಬೆಳೆ ಬಂದಿದೆ. ಮಗ ಹುಟ್ಟಿದ್ದಾನೆ. ಅಂದ ಮೇಲೆ ಯಾರಿಗೇನು ನಷ್ಟ?

೨೯ ಸೆಪ್ಟೆಂಬರ್, ಬುಧವಾರ

ಹುಣಸೆ ಮುಗಿಯಿತು, ಅಟ್ಟ ಮುಗಿಯಿತು. ಇನ್ನು ಯಾವ ನೆಪವೂ ಇಲ್ಲ. ನಿನ್ನೆ ಸುಮಲತಾ ಹುಲ್ಲಿಗೆ ಹೋಗಿ ಬಂದಳು. ಏನೂ ಹೇಳಲಿಲ್ಲ, ಆದರೆ ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮತ್ತೆ ಕಂಡಿದ್ದಾಳೆ. ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಆ ನಗು ನನಗೆ ಬೇಕಿತ್ತು. ಬುಟ್ಟಿಯ ಮಾತು ಹಾಗಿರಲಿ, ಆ ನಗು ನನ್ನ ಮುಖದ ಮೇಲೆ ಯಾವತ್ತೂ ಬಂದಿಲ್ಲ.

ಇವತ್ತು ಬೆಳಗಿನ ಜಾವ ಎದ್ದು ಒಬ್ಬಳೇ ಹೋದೆ. ಹಿರೇರ ಕಲ್ಲಿನ ಮೇಲೆ ಕೈಯಿಟ್ಟು, ಸೆರಗು ಹೊದೆಯದೆ, ಗುಡ್ಡಕ್ಕೆ ಕೇಳುವಂತೆ ಮೂರು ಸಲ ಕೂಗಿದೆ. ತೋಳ, ತೋಳ, ತೋಳ. ಮನೆಯ ಸೊಸೆ ಹೆಸರಿಟ್ಟು ಕೂಗಿದರೆ ಹಿರೇರು ಅವಮಾನವಾಗಿ ಆ ಹೊಲ ಬಿಟ್ಟು ಹೋಗುತ್ತಾರೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಹೋಗಲಿ. ನನಗೆ ಕಾಣದವರು ಅವಳಿಗೂ ಕಾಣುವುದು ಬೇಡ.

೩೦ ಸೆಪ್ಟೆಂಬರ್

ಗಂಟಲು ಕಟ್ಟಿದೆ.

೫ ಅಕ್ಟೋಬರ್, ಮಂಗಳವಾರ

ಕೆಂಚಕ್ಕ ಜೋಳದ ಚೀಲಕ್ಕೆ ಬಂದಿದ್ದಳು. ವಾರದಿಂದ ಹಿರೇರ ಸುಳಿವೇ ಇಲ್ಲವಂತೆ, ಹೆಜ್ಜೆಯೂ ಇಲ್ಲವಂತೆ. "ನನಗ ಚಲೋನೇ ಆತು" ಅಂದಳು. ಆದರೆ ಚೀಲ ಎತ್ತಿಕೊಳ್ಳುವಾಗ, "ಮುಂಜಾನಿ ಎದ್ದ ಕೂಡ್ಲೇ ಗುಡ್ಡದ ಕಡೆ ನೋಡೋದು ರೂಢಿ ಆಗಿತ್ರಿ ಅಮ್ಮಾರ. ಈಗ ನೋಡಿದ್ರ ಬರೇ ಗುಡ್ಡ" ಅಂದಳು.

ಸುಮಲತಾ ಬಾಗಿಲಲ್ಲಿ ನಿಂತು ಕೇಳಿದಳು. ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ. ಹಸಿವಿಲ್ಲ ಅಂದಳು. ಮೂವತ್ನಾಲ್ಕು ವರ್ಷದ ಹಿಂದೆ ನಾನು ಉಣ್ಣದೆ ಕೂತದ್ದು ಬೇರೆ ಕಾರಣಕ್ಕೆ. ಇವಳ ಕಾರಣ ಬುಟ್ಟಿಯಲ್ಲ ಅನ್ನಿಸುತ್ತದೆ. ಬುಟ್ಟಿ ಬೇಕಿದ್ದರೆ ಒಮ್ಮೆ ಕಂಡದ್ದು ಸಾಕಲ್ಲ, ಈಗ ಕಾಣದಿದ್ದರೆ ಇವಳಿಗೇನು?

ಗೆದ್ದವಳು ನಾನು. ಆದರೂ ಎರಡು ತುತ್ತು ಬಿಟ್ಟು ಎದ್ದೆ.

೯ ಅಕ್ಟೋಬರ್, ಶನಿವಾರ

ಮಹಾಲಯ ಅಮಾವಾಸ್ಯೆ. ಸಣ್ಣತ್ತೆಗೆ ಹೋಳಿಗೆ ಒಯ್ದು ಕೊಟ್ಟೆ. ಕೂತು, ಅಲ್ಲಿ ಇಲ್ಲಿ ಮಾತಾಡಿ, ಕೊನೆಗೆ ಕೇಳಿದೆ: "ಸಣ್ಣತ್ತಿ, ಯಾರೋ ಒಬ್ಬಾಕಿ ತಿಳೀದ ಹಿರೇರ ಹೆಸರು ಹಿಡಿದು ಕೂಗಿದ್ಲಂತ ಇಟ್ಕೊಳ್ರಿ…"

"ಯಾವಾಕಿ?"

"ಇಟ್ಕೊಳ್ರಿ ಅಂದೆ."

ಮುದುಕಿ ಹೋಳಿಗೆ ಕೆಳಗಿಟ್ಟು ಕೆಮ್ಮು ಬರುವಷ್ಟು ನಕ್ಕರು. "ನಾನು ವಾರಕ್ಕ ಎರಡು ಸರ್ತಿ ಕೂಗ್ತಿದ್ದೆ ಲೇ! ನಮ್ಮತ್ತಿ ಬೈದಾಗೆಲ್ಲ ಹೊಲಕ್ಕ ಹೋಗಿ, ತೋಳ ತೋಳ ತೋಳ ಅಂತ ಅಂದು ಸಿಟ್ಟು ಇಳಿಸಿಕೊಂಡು ಬರ್ತಿದ್ದೆ. ಅವರೇನು ಹೋದ್ರೇನು? ನನ್ನ ಸಿಟ್ಟು ಹೋತು." ಬಾಯಿ ಒರೆಸಿಕೊಂಡು ಹೇಳಿದರು, "ಹೆಸರಿಗೆ ಹೆದರಿ ಹೋಗಂಗಿಲ್ಲ ಅವರು. ನೀರಿಲ್ಲಂದ್ರ ಹೋಗ್ತಾರ. ಈ ವರ್ಷ ಹುಬ್ಬಿ ಮಳಿ ಕೈಕೊಡ್ತು, ಹಳ್ಳದ ಮಡು ಒಣಗೈತಿ. ಅಷ್ಟೇ."

ಮಡು ಒಣಗಿ ಎಷ್ಟು ದಿನವಾಯಿತು ಎಂದು ನನಗೆ ಗೊತ್ತಿಲ್ಲ. ನಾನು ಕೂಗಿದ ದಿನವೇ ಒಣಗಿದ್ದರೂ ಇರಬಹುದು.

೧೧ ಅಕ್ಟೋಬರ್, ಸೋಮವಾರ

ಗುಡ್ಡದ ಹೊಲದ ಮೂಲೆಯಲ್ಲಿ ದನಕ್ಕೆ ನೀರಿಡುವ ಹಳೆಯ ಕಲ್ಲುಬಾನಿ ಇದೆ. ಮಣ್ಣು ತುಂಬಿತ್ತು. ತೆಗೆದೆ. ಕೆಳಗಿನ ಬೋರಿನಿಂದ ಎರಡು ಕೊಡ ಹೊತ್ತು ಹಾಕಿದೆ. ಎಲ್ಲಿ ಹೋಗಿದ್ದಿ ಎಂದು ಯಜಮಾನರು ಕೇಳಿದರು. ಎತ್ತಿಗೆ ನೀರಿಡಲು ಅಂದೆ.

"ಎತ್ತು ಮನ್ಯಾಗ ಅದಾವಲ್ಲ ಲೇ."

"ನಾಳಿ ಹೋಗ್ತಾವು."

೧೬ ಅಕ್ಟೋಬರ್, ಶನಿವಾರ

ಆರು ದಿನದಿಂದ ದಿನಾ ಹೋಗುತ್ತಿದ್ದೇನೆ. ಬಿಸಿಲೇರುವ ಮುಂಚೆ ಹೋಗಿ ಎರಡು ಕೊಡ ಹಾಕಿ, ಬನ್ನಿ ಗಿಡದ ಬುಡದಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಬಾನಿಯಲ್ಲಿ ಮಾತ್ರ ನಾನು ಬಿಟ್ಟದ್ದಕ್ಕಿಂತ ಹೆಚ್ಚು ನೀರಿರುತ್ತದೆ. ಮಳೆ ಇಲ್ಲ, ಏನಿಲ್ಲ. ಇವತ್ತು ಕೆಂಚಕ್ಕನನ್ನು ಕೇಳಿದೆ.

"ನಿಮ್ಮ ಸೊಸಿ ಸಂಜಿಮುಂದ ಎರಡು ಕೊಡ ಸುರುವಿ ಹೋಗ್ತಾಳಲ್ರಿ. ನೀವೇ ಹೇಳಿ ಕಳಿಸೀರಿ ಅನ್ಕೊಂಡಿದ್ದೆ."

ನನಗೆ ಹೇಳದೆ! ಕಸೂತಿ ಕಲಿಯಲು ಹೋಗುತ್ತೇನೆ ಎಂದು ಹೇಳಿ ಇಲ್ಲಿಗೆ ಬರುತ್ತಾಳೆ. ಬೋರಿನಿಂದ ಬಾನಿಗೆ ಏರು ಹಾದಿ, ಕಲ್ಲು. ಆ ಚಪ್ಪಲಿಯಲ್ಲಿ ಜಾರಿದರೆ?

ನಾಳೆ ಮೂರು ಕೊಡ ಹಾಕುತ್ತೇನೆ.

೧೯ ಅಕ್ಟೋಬರ್, ಮಂಗಳವಾರ

ವಿಜಯದಶಮಿ. ಮುಂಜಾನೆ ಬಾನಿಯ ಸುತ್ತ ಹಸಿ ಮಣ್ಣಿನಲ್ಲಿ ಹೆಜ್ಜೆ. ಕೆಂಚಕ್ಕನ ಕಡೆ ಓಡಿದೆ (ಓಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ). ಅವಳು ಕುಕ್ಕರಗಾಲಲ್ಲಿ ಕೂತು ನೋಡಿ, "ಬಂದಾರ್ರಿ" ಅಂದಳು. "ಒಬ್ಬರಲ್ಲ. ಇಬ್ಬರು."

ಸಂಜೆ ಬನ್ನಿ ಕೊಡಲು ಸುಮಲತಾ ಕಾಲಿಗೆ ನಮಸ್ಕರಿಸಿದಾಗ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಸಂಜೆಯ ಕೊಡ ಹೊತ್ತು ಹೋದಾಗ ಅವಳೇ ನೋಡುತ್ತಾಳೆ. ಮೊದಲು ನೋಡಿದವಳು ನಾನು. ಅಷ್ಟು ನನಗಿರಲಿ.

ಅವಳ ಅಂಗೈಯಲ್ಲಿ ಕೊಡದ ಕಂಠದ ಗುರುತು ಬಿದ್ದಿದೆ. ಕೊಬ್ಬರಿ ಎಣ್ಣೆ ಹಚ್ಚಿಕೋ ಅಂದೆ. ಯಾಕೆ ಎಂದು ಅವಳೂ ಕೇಳಲಿಲ್ಲ.

೨೩ ಅಕ್ಟೋಬರ್, ಶನಿವಾರ

ನಾಳೆ ಹುಣ್ಣಿಮೆ. ಇಡೀ ದಿನ ಇಬ್ಬರೂ ಒಲೆಯ ಮುಂದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಹೋಳಿಗೆ. ಅವಳು ಬೇಳೆ ರುಬ್ಬಿದಳು, ನಾನು ಲಟ್ಟಿಸಿದೆ. ಮಾತು ಉಪ್ಪು, ಬೆಲ್ಲದಷ್ಟೇ. ಬುಟ್ಟಿಗೆ ಸುಣ್ಣ, ಕೆಮ್ಮಣ್ಣು ಬಳಿಯಬೇಕಿತ್ತು. ನೀ ಬಳಿ ಅಂದೆ. "ನೀವೇ ಬಳೀರಿ ಅತ್ತಿ, ವರ್ಷಾ ನೀವೇ ಬಳಿಯೋರು" ಅಂದಳು. ಕರುಣೆಯೋ ಏನೋ. ನಾಳೆ ಈ ಹೊತ್ತಿಗೆ ನಾನು ಹಿಂದೆ ನಡೆದು ಬಂದಿರುತ್ತೇನೆ. ಕೊಟ್ರಮ್ಮನ ಪಕ್ಕದಲ್ಲಿ.

ಅವಳು ನಿಜ ಹೇಳುತ್ತಾಳೆ. ಹೇಳಲಿ. ಕನಕಕ್ಕನೂ ನಿಜವನ್ನೇ ಹೇಳಿದ್ದಳು.

೨೪ ಅಕ್ಟೋಬರ್, ಭಾನುವಾರ. ಸೀಗೆ ಹುಣ್ಣಿಮೆ

ನಮ್ಮ ಅಂಗಳದಲ್ಲಿ ಹನ್ನೊಂದು ಮನೆಯ ಹೆಂಗಸರೂ ಸೇರಿದ್ದರು. ಸಣ್ಣತ್ತೆ ಕಟ್ಟೆಯ ಮೇಲೆ ಕೂತು ಸುಮಲತಾಳ ಕೈ ಹಿಡಿದುಕೊಂಡರು.

"ಹೇಳವ್ವ, ಹಿರೇರು ನಿನಗ ಯಾವ ರೂಪದಾಗ ಕಂಡ್ರು?"

ಅವಳು ಸೆರಗು ಹೊದ್ದು ನೆಲ ನೋಡುತ್ತ ಹೇಳಿದಳು: "ಕರ್ರಗರಿ ಅಜ್ಜಿ. ಕರುವಿನಷ್ಟು. ಕ… ಕಣ್ಣು ಕೆಂಡದಂಗ. ಬಾಲ ಸುರುಳಿ ಸುತ್ತಿ ಬೆನ್ನ ಮ್ಯಾಲಿತ್ತು."

"ಮೊದಲು ಮಣ್ಣಿನ ಬಣ್ಣ ಅಂದಿದ್ದಿಯಂತಲ್ಲ?" ಎಂದು ಕೊಟ್ರಮ್ಮ ಬಾಯಿ ಹಾಕಿದಳು.

"ಬಿಸಿಲಿಗೆ ಹಂಗ ಕಂಡಿತ್ರಿ. ಅತ್ತಿ ಹೇಳಿದ ಮ್ಯಾಲೆ ನೆನಪಾತು."

ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಅತ್ತೆ ಕಂಡದ್ದನ್ನೇ ಸೊಸೆಯೂ ಕಂಡಳು, ಮನೆ ಪುಣ್ಯ ಮಾಡಿತ್ತು. ಸಣ್ಣತ್ತೆ ಮಾತ್ರ ಅವಳ ಕೈ ಬಿಡಲಿಲ್ಲ. ಆ ಮಂಜುಗಣ್ಣು ನನ್ನ ಕಡೆಗಿತ್ತು. "ಹಂಗಾದ್ರ ಬುಟ್ಟಿ ನಾಗಲಿಂಗಿದೇ" ಅಂದರು.

ನಲವತ್ತೆಂಟು ದಿನ ನಾನು ಬೇಡಿದ್ದು ತಲೆಯ ಮೇಲೆ ಬಂದು ಕೂತಿತು. ಮುಂದೆ ನಡೆದೆ. ಹಿಂದೆ ಹನ್ನೊಂದು ಮನೆ. ನನಗೆ ಕೇಳುತ್ತಿದ್ದದ್ದು ಒಬ್ಬಳ ಹೆಜ್ಜೆ ಮಾತ್ರ. ಎಷ್ಟು ದೂರ ಹೋದರೂ ಸಿಟ್ಟು ಇಳಿಯಲಿಲ್ಲ. ಇದನ್ನು ನನಗೆ ಕೊಡಲು ಇವಳು ಯಾರು? ನನ್ನ ಬುಟ್ಟಿಯನ್ನು ನನಗೇ ದಾನ ಮಾಡುವಷ್ಟು ದೊಡ್ಡವಳಾದಳೇ? ಸುಳ್ಳು ಹೇಳುವುದಕ್ಕೂ ನನ್ನ ಸುಳ್ಳೇ ಬೇಕಾಯಿತೇ?

ಹೊಲದ ಬದುವಿನ ಮೇಲೆ ನಿಂತುಬಿಟ್ಟೆ. "ಮಂಡಿ" ಅಂದೆ.

"ದಿನಾ ಮುಂಜಾನಿ ಇದೇ ಹೊಲಕ್ಕ ಓಡೋಡಿ ಬರ್ತಿದ್ದಿ, ಇವತ್ತೇ ಬಂತೇನು ಮಂಡಿ ನೋವು?" ಕೊಟ್ರಮ್ಮ.

"ನಿನಗ ಬಂದಾಗ ಕೇಳ್ತೀನಿ ತಡಿ."

ಸುಮಲತಾಳನ್ನು ಕರೆದು ಬುಟ್ಟಿಯನ್ನು ಅವಳ ತಲೆಗೆ ಇಟ್ಟೆ. ಅವಳು ಬೇಡ ಬೇಡ ಎಂದು ತಲೆ ಹಿಂದಕ್ಕೆ ಎಳೆದಳು. ಬುಟ್ಟಿ ಸರಿಮಾಡುವ ನೆಪದಲ್ಲಿ ಕಿವಿಯ ಹತ್ತಿರ ಬಾಗಿ ಅಂದೆ: "ಕಲ್ಲಿನ ಮುಂದ ನೀ ಕಂಡದ್ದನ್ನ ಹೇಳು. ನಾ ಕಂಡದ್ದನ್ನ ಅಲ್ಲ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಮುಂದೆ ನಡೆದಳು.

ಮೂವತ್ನಾಲ್ಕು ವರ್ಷದ ಮೇಲೆ ನಾನು ಹಿಂದೆ. ಬುಟ್ಟಿ ಹೊತ್ತವಳಿಗೆ ಹಾದಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಿಂದೆ ನಡೆದರೆ ಗುಡ್ಡವೆಲ್ಲ ಕಾಣುತ್ತದೆ ಎಂದು ಇವತ್ತು ಗೊತ್ತಾಯಿತು. ಕನಕಕ್ಕ ಇಪ್ಪತ್ತೆರಡು ವರ್ಷ ನೋಡಿರಬೇಕು.

ಕಲ್ಲಿನ ಮುಂದೆ ಎಡೆ ಬಡಿಸಿ ಅವಳು ಕರೆದಳು. ಬೇರೆಯವರು ದೂರದಲ್ಲಿದ್ದರು. ಪಕ್ಕದಲ್ಲಿದ್ದವಳು ನಾನೊಬ್ಬಳೇ. ಮಣ್ಣಿನ ಬಣ್ಣದಾಗ ಬಂದವರೇ, ಉದ್ದ ಕಾಲಿನವರೇ, ಬಾಲ ಇಳಿಬಿಟ್ಟವರೇ, ಉಣ್ಣಿ ಕಡಿಸಿಕೊಂಡವರೇ… ಉಣ್ಣಿಯನ್ನೂ ಬಿಡಲಿಲ್ಲ ಹುಚ್ಚಿ. ನನಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು, ಒಣಮೆಣಸಿನಕಾಯಿ ಹಿಡಿದ ಕೈಯಲ್ಲಿ ಕಣ್ಣು ಒರೆಸಿಕೊಂಡಿದ್ದೆ.

೨೫ ಅಕ್ಟೋಬರ್, ಸೋಮವಾರ

ಮುಂಜಾನೆ ಪಾತ್ರೆ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಒರೆಸಿಡುತ್ತಿದ್ದೆ. ಹೇಳಿಬಿಟ್ಟೆ.

"ನಾನು ಕಂಡೇ ಇಲ್ಲ. ಒಂದು ಸರ್ತಿನೂ."

ಅವಳ ಕೈ ನಿಲ್ಲಲಿಲ್ಲ. ಬೂದಿ ಹಚ್ಚಿದ ಚರಿಗೆಯನ್ನು ಎರಡು ಸಲ ತೊಳೆದು ನನ್ನ ಕೈಗೆ ಕೊಟ್ಟಳು.

"ನಾಳಿ ಬರ್ರಿ ಅತ್ತಿ, ತೋರಿಸ್ತೀನಿ. ಬಾನಿಗೆ ಹೊತ್ತುಮೂಡೋಕಿಂತ ಮೊದಲು ಬರ್ತಾರ. ನೀವು ಬಂದು ಕೂಡೋ ಬನ್ನಿ ಗಿಡದ ಕಡಿಂದ ಗಾಳಿ ಅವರ ಕಡೆ ಬೀಸ್ತೈತಿ, ನಿಮ್ಮ ವಾಸನಿ ಒಯ್ತೈತಿ, ಅದಕ್ಕ ನಿಮಗ ಕಂಡಿಲ್ಲ. ಆ ಕಡೆ ಬಂಡೆಗಲ್ಲಿನ ಹಿಂದ ಕೂಡಬೇಕು."

ಅಂದರೆ ನಾನು ದಿನಾ ಎಲ್ಲಿ ಕೂರುತ್ತಿದ್ದೆ ಎಂಬುದೂ ಇವಳಿಗೆ ಗೊತ್ತು. ಗಾಳಿ ಯಾವ ಕಡೆ ಬೀಸುತ್ತದೆ ಎಂಬುದೂ ಗೊತ್ತು. ಬಾಲದ ಮಾತಂತೂ ಮೊದಲ ದಿನದಿಂದಲೇ ಗೊತ್ತು. ಎಲ್ಲ ಗೊತ್ತಿದ್ದೂ ಐವತ್ತು ದಿನ ನನ್ನ ಮುಂದೆ ಬಾಯಿ ಮುಚ್ಚಿಕೊಂಡು ಹುಣಸೆಬೀಜ ತೆಗೆದಳು. ಇವಳ ಇಪ್ಪತ್ತಮೂರರ ವಯಸ್ಸಿನಲ್ಲಿ ನನಗೆ ಹೀಗಿರಲು ಬರಲಿಲ್ಲ. ಈಗಲೂ ಬರುವುದಿಲ್ಲ.

ನನಗೆ ತೋರಿಸುತ್ತಾಳಂತೆ! ತೋರಿಸಲು ಅದೇನು ಹಿರೇಹಡಗಲಿಯ ಇವಳ ತವರುಮನೆಯ ಎಮ್ಮೆಯೇ?

ಗುರುಶಾಂತನ ಗಡಿಯಾರ ಇಸಿದುಕೊಂಡು ನಾಲ್ಕೂವರೆಗೆ ಅಲಾರಾಂ ಇಟ್ಟಿದ್ದೇನೆ. ಅವಳು ಏಳುವುದು ಐದಕ್ಕೆ. ಅಷ್ಟರಲ್ಲಿ ನಾನು ಕೊಡ ತೊಳೆದು ಬಾಗಿಲಲ್ಲಿ ಕೂತಿರಬೇಕು.